ಒಂದೇ ಒಂದು ಸಿ-60 ಕ್ಯಾಸೆಟ್: ಪಿಂಕ್ ಫ್ಲಾಯ್ಡ್‌ನ ಯಾವ ಹಾಡು ತುಂಬಿಸಲಿ?

ಹಳೇಡೆಕ್ (ಶಿವಮೊಗ್ಗ):
ವಿಷಯ ಏನಪ್ಪಾ ಅಂದರೆ, ಹೋದ ವಾರ ನಮ್ಮ ಅಕ್ಕನ ಮಗ ರಜೆಗೆ ಬಂದ. ಇಂಜಿನಿಯರಿಂಗ್ ಎರಡನೇ ವರ್ಷ. ಕಪ್ಪು ಟೀ ಶರ್ಟು, ಎದೆ ಮೇಲೆ ತ್ರಿಕೋನದ ಗಾಜು. ಒಂದು ಕಡೆಯಿಂದ ಬಿಳಿ ಗೆರೆ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಬಣ್ಣ ಬಣ್ಣವಾಗಿ ಹೊರಗೆ ಬರುತ್ತದಲ್ಲ, ಅದೇ ಚಿತ್ರ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಇದೆಯಲ್ಲ, ಅವರ "ಡಾರ್ಕ್ ಸೈಡ್ ಆಫ್ ದಿ ಮೂನ್" ಆಲ್ಬಮ್ಮಿನ ಹೊದಿಕೆ. ನನಗೆ ಖುಷಿಯೋ ಖುಷಿ. "ಯಾವ ಹಾಡು ಇಷ್ಟನೋ?" ಅಂದೆ. "ಹಾಡಾ? ಇದು ಬಟ್ಟೆ ಬ್ರ್ಯಾಂಡ್ ಅಲ್ವಾ ಮಾಮ?" ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಅಟ್ಟದ ಮೇಲಿದ್ದ ಕ್ಯಾಸೆಟ್ ಡೆಕ್ ಇಳಿಸಿದೆ. ಬೆಲ್ಟ್ ಬದಲಾಯಿಸಿ, ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ ಒರೆಸಿದ ಮೇಲೆ ಹಾಡಿತು. ಅಪ್ಪನ ಹಳೇ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇನ್ನೂ ಇದೆ. ಬರುವ ಭಾನುವಾರ ಇವನನ್ನು ಕೂರಿಸಿಕೊಂಡು ಸಾಗರಕ್ಕೆ ಮದುವೆಗೆ ಹೋಗಬೇಕು. ಎಪ್ಪತ್ತು ಕಿಲೋಮೀಟರ್ ಚಿಲ್ಲರೆ. ತಪ್ಪಿಸಿಕೊಳ್ಳಲು ಅವನಿಗೆ ಜಾಗ ಇಲ್ಲ.

ನನ್ನ ಹತ್ತಿರ ಖಾಲಿ ಕ್ಯಾಸೆಟ್ ಉಳಿದಿರುವುದು ಒಂದೇ. ಸಿ-60. ಒಂದು ಬದಿಗೆ 30 ನಿಮಿಷ. ನಿಯಮ ಎರಡೇ. ಹಾಡನ್ನು ಮಧ್ಯದಲ್ಲಿ ಕತ್ತರಿಸುವಂತಿಲ್ಲ. 30 ನಿಮಿಷ ದಾಟುವಂತಿಲ್ಲ. ನಿಮ್ಮ ಅಚ್ಚುಮೆಚ್ಚಿನದು ಹೇಳಿ, ಜೊತೆಗೆ ಯಾಕೆ ಅಂತಲೂ ಹೇಳಿ. ಜಗಳ ಆಡಿದರೂ ಪರವಾಗಿಲ್ಲ.

ಗೋಡೆಹಾರುವವ (ಬೆಂಗಳೂರು):
"ಕಂಫರ್ಟಬ್ಲಿ ನಂಬ್". ಉಳಿದದ್ದು ನಿಮಗೆ ಬಿಟ್ಟದ್ದು.

ಪಡುವಣಗಾಳಿ (ಉಡುಪಿ):
ಎಂತ ಮಾರಾಯ್ರೆ, ಸಿ-60ಯಲ್ಲಿ ಪಿಂಕ್ ಫ್ಲಾಯ್ಡಾ? ಅವರು ಸಿ-90ಯವರು! ನಾವು ಹಾಸ್ಟೆಲಲ್ಲಿ ಇದ್ದಾಗ ಲೆಕ್ಕ ಬಾಯಿಪಾಠ. "ಡಾರ್ಕ್ ಸೈಡ್ ಆಫ್ ದಿ ಮೂನ್" 43 ನಿಮಿಷ, ಒಂದು ಬದಿ. "ವಿಶ್ ಯೂ ವರ್ ಹಿಯರ್" 44 ನಿಮಿಷ, ಇನ್ನೊಂದು ಬದಿ. ದೇವರು ಆ ಕ್ಯಾಸೆಟ್ ಮಾಡಿದ್ದೇ ಇದಕ್ಕೆ ಅಂತ ನಮ್ಮ ನಂಬಿಕೆ. "ಮೆಡಲ್" ಆಲ್ಬಮ್ ಮಾತ್ರ ಕೈ ಕೊಡುತ್ತಿತ್ತು. ಅದು 46 ನಿಮಿಷ ಚಿಲ್ಲರೆ. ಕೊನೆಗೆ "ಎಕೋಸ್"ನಲ್ಲಿ ಗಾಳಿ ಊಳಿಡುತ್ತಾ ಮೇಲೆ ಮೇಲೆ ಹೋಗುತ್ತದಲ್ಲ, ಅಷ್ಟರಲ್ಲಿ ಟಕ್ ಅಂತ ಬಟನ್ ಮೇಲೆ ಹಾರುತ್ತಿತ್ತು. ಎಷ್ಟೋ ವರ್ಷ ಆ ಹಾಡು ಮುಗಿಯುವುದೇ ಟಕ್ ಅಂತ ಎಂದುಕೊಂಡಿದ್ದೆ.

ನನ್ನ ಮತ ಹಾಡಿಗಲ್ಲ, ಆಲ್ಬಮ್ಮಿಗೆ. ಇವರ ಹಾಡು ಬಿಡಿ ಬಿಡಿಯಾಗಿ ಆರಿಸುವುದು ಯಕ್ಷಗಾನದ ನಡುವಿನ ಒಂದು ಪದ್ಯ ಮಾತ್ರ ಕೇಳಿ ಮನೆಗೆ ಹೋದ ಹಾಗೆ.

ಹಳೇಡೆಕ್:
ನೀವು ಹೇಳುವುದು ಸರಿ ಪಡುವಣಗಾಳಿಯವರೇ. ಆದರೆ ಸಿ-90 ಎಲ್ಲಿಂದ ತರಲಿ? ಆನ್‌ಲೈನಲ್ಲಿ ಕೇಳುವ ಬೆಲೆ ನೋಡಿದರೆ ಮದುವೆ ಉಡುಗೊರೆಗೆ ಇಟ್ಟ ದುಡ್ಡು ಖಾಲಿ ಆಗುತ್ತದೆ.

ಕೀಬೋರ್ಡ್‌ಕಾವೇರಿ (ಮೈಸೂರು):
ಒಂದು ಬದಿಗೆ "ಎಕೋಸ್" ಹಾಕಿ ಸರ್. 23 ನಿಮಿಷ 31 ಸೆಕೆಂಡ್. ಇದರ ಬಗ್ಗೆ ಮಾತೇ ಬೇಡ.

ಯಾಕೆ ಅಂತ ಕೇಳಿದ್ದೀರಿ, ಹೇಳುತ್ತೇನೆ. ಶುರುವಿನಲ್ಲಿ "ಪಿಂಗ್" ಅಂತ ಒಂದು ಸ್ವರ ಬರುತ್ತದೆ. ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ರೈಟ್ ಪಿಯಾನೋದ ಒಂದೇ ಒಂದು ಮನೆ ಒತ್ತಿದ್ದಾರೆ. ಆ ಸದ್ದನ್ನು ಲೆಸ್ಲಿ ಸ್ಪೀಕರ್ ಮೂಲಕ ಹಾಯಿಸಿದ್ದಾರೆ. ಅದು ಪೆಟ್ಟಿಗೆಯೊಳಗೆ ಗಿರಗಿರ ತಿರುಗುವ ಸ್ಪೀಕರ್. ಹಾಗಾಗಿ ಸ್ವರ ನೀರೊಳಗಿಂದ ಬಂದಂತೆ ಕೇಳಿಸುತ್ತದೆ. ಅಷ್ಟೇ. ಆ ಒಂದು ಸ್ವರದಿಂದ 23 ನಿಮಿಷದ ಹಾಡು ಬೆಳೆದಿದೆ. 1971ರಲ್ಲಿ ಸ್ಟುಡಿಯೋಗೆ ಹೋದಾಗ ಇವರ ಹತ್ತಿರ ಪೂರ್ತಿ ಹಾಡು ಒಂದೂ ಇರಲಿಲ್ಲ. ತುಂಡು ತುಂಡು ರೆಕಾರ್ಡ್ ಮಾಡಿ ಅವಕ್ಕೆ "ನಥಿಂಗ್" ಅಂತ ಹೆಸರಿಟ್ಟು ನಂಬರ್ ಹಾಕುತ್ತಾ ಹೋದರು. ಅದನ್ನೆಲ್ಲ ಹೊಲಿದದ್ದು "ಎಕೋಸ್".

ನಡುವೆ ತಿಮಿಂಗಿಲ ಕೂಗಿದಂತೆ ಕೇಳುವುದು ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಗಿಟಾರ್. ಕಾಲಲ್ಲಿ ಒತ್ತಿ ಗಿಟಾರ್ ಸದ್ದು ಬದಲಿಸುವ ವಾ-ವಾ ಪೆಡಲ್‌ಗೆ ವೈರು ಉಲ್ಟಾ ಚುಚ್ಚಿದಾಗ ಆ ಕೂಗು ಬಂತು. ನಾನು ಕೀಬೋರ್ಡ್ ಕಲಿಯುವಾಗ ಮೇಷ್ಟ್ರು ತಪ್ಪು ಮನೆ ಒತ್ತಿದರೆ ಬೆರಳಿಗೆ ಸ್ಕೇಲಲ್ಲಿ ಹೊಡೆಯುತ್ತಿದ್ದರು. ಇವರು ತಪ್ಪು ವೈರಿನಿಂದ ತಿಮಿಂಗಿಲ ತಂದರು ನೋಡಿ.

ಹೆಡ್‌ಫೋನ್_ಹೈದ (ಮಂಡ್ಯ):
ಅಣ್ಣಾ, ನಾನೂ ಇಪ್ಪತ್ತೊಂದರವನು, ನಿಮ್ಮ ಅಳಿಯನ ವಯಸ್ಸೇ. ನನ್ನ ಮಾತು ಕೇಳಿ. 23 ನಿಮಿಷದ ಹಾಡು ಮೊದಲೇ ಹಾಕಿದರೆ ಅವನು ನಿದ್ದೆ ಹೊಡೆಯುತ್ತಾನೆ. ಗ್ಯಾರಂಟಿ. "ಹೈ ಹೋಪ್ಸ್" ಹಾಕಿ. 1994ರ "ಡಿವಿಷನ್ ಬೆಲ್" ಆಲ್ಬಮ್ಮಿನ ಕೊನೇ ಹಾಡು. ಎಂಟೂವರೆ ನಿಮಿಷ. ಗಂಟೆ ಬಾರಿಸುವುದರಿಂದ ಶುರು. ಸದ್ದು ಸ್ವಚ್ಛ, ಹೊಸಬರಿಗೆ ಸುಲಭ. ನಾನು ಒಳಗೆ ಬಂದದ್ದೇ ಆ ಬಾಗಿಲಿಂದ.

ಗೋಡೆಹಾರುವವ:
ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್ ಬ್ಯಾಂಡ್ ಬಿಟ್ಟುಹೋದ ಮೇಲಿನ ಆಲ್ಬಮ್ ಅದು. ವಾಟರ್ಸ್ ಇಲ್ಲದ ಪಿಂಕ್ ಫ್ಲಾಯ್ಡ್ ಅಂದರೆ ಒಗ್ಗರಣೆ ಇಲ್ಲದ ಸಾರು.

ಹೆಡ್‌ಫೋನ್_ಹೈದ:
ನಮ್ಮ ಮನೆಯಲ್ಲಿ ಅದಕ್ಕೆ ತಿಳಿಸಾರು ಅಂತಾರೆ. ಜ್ವರ ಬಂದಾಗ ಎಲ್ಲರಿಗೂ ಅದೇ ಬೇಕು.

ಪಡುವಣಗಾಳಿ:
😀 ಹೈದನಿಗೆ ಒಂದು ಅಂಕ.

ಸಿಡ್_ಸೈಕಲ್ (ಬೆಂಗಳೂರು):
ಇಷ್ಟು ಹೊತ್ತಾದರೂ ಒಬ್ಬರ ಬಾಯಲ್ಲೂ ಸಿಡ್ ಬ್ಯಾರೆಟ್ ಹೆಸರು ಬರಲಿಲ್ಲವಲ್ಲ! ಆ ಬ್ಯಾಂಡಿಗೆ ಹೆಸರಿಟ್ಟವನೇ ಅವನು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅಂತ ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರು. ಇಬ್ಬರ ಅರ್ಧರ್ಧ ಹೆಸರು ಸೇರಿಸಿದ. 1967ರಲ್ಲಿ ಬಂದ ಮೊದಲ ಆಲ್ಬಮ್ "ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್" ಬಹುಪಾಲು ಅವನದೇ. ಅದನ್ನು ರೆಕಾರ್ಡ್ ಮಾಡುವಾಗ ಅದೇ ಅಬೇ ರೋಡ್ ಸ್ಟುಡಿಯೋ ಕಟ್ಟಡದಲ್ಲಿ ಬೀಟಲ್ಸ್ "ಸಾರ್ಜೆಂಟ್ ಪೆಪ್ಪರ್" ಮಾಡುತ್ತಿದ್ದರು.

ನನ್ನ ಆಯ್ಕೆ "ಆಸ್ಟ್ರಾನಮಿ ಡಾಮಿನೆ", "ಸೀ ಎಮಿಲಿ ಪ್ಲೇ", "ಬೈಕ್". ಮೂರೂ ಸೇರಿ ಹತ್ತೂವರೆ ನಿಮಿಷ. ನಿಮ್ಮ "ಎಕೋಸ್"ನ ಅರ್ಧವೂ ಇಲ್ಲ. ಮೂರು ನಿಮಿಷದಲ್ಲಿ ಒಂದು ಪ್ರಪಂಚ ಕಟ್ಟಿ, ಬೀಗ ಹಾಕಿ, ಕೀಲಿ ಎಸೆದು ಹೋಗುತ್ತಿದ್ದ.

ಹಳೇಡೆಕ್:
ಸಿಡ್ ಬಗ್ಗೆ ನನಗೂ ಪ್ರೀತಿ ಇದೆ. ಆದರೆ ಅಳಿಯ "ಬೈಕ್" ಕೇಳಿದರೆ ಮಾಮನ ತಲೆ ಕೆಟ್ಟಿದೆ ಅಂತ ಅಕ್ಕನಿಗೆ ಫೋನ್ ಮಾಡುತ್ತಾನೆ. ಕೊನೆಗೆ ಬಾತುಕೋಳಿ ಕೂಗಿದಂತೆ ಒಂದು ಸದ್ದು ಬರುತ್ತದಲ್ಲ, ಅದಕ್ಕೆ ಏನು ಹೇಳಲಿ?

ಬ್ಯಾಟರ್ಸಿ_ಬಸ್ಸು (ಲಂಡನ್):
ನಮಸ್ಕಾರ. ದಾವಣಗೆರೆಯವನು, ಈಗ ಇಲ್ಲಿ ಕೆಲಸ. ದಿನಾ ಬಸ್ಸಲ್ಲಿ ಬ್ಯಾಟರ್ಸಿ ಪವರ್ ಸ್ಟೇಷನ್ ಮುಂದೆಯೇ ಹಾದುಹೋಗುತ್ತೇನೆ. ನಾಲ್ಕು ಬಿಳಿ ಚಿಮಣಿ. "ಅನಿಮಲ್ಸ್" ಆಲ್ಬಮ್ಮಿನ ಹೊದಿಕೆಯಲ್ಲಿ ನೋಡಿದ್ದೀರಲ್ಲ, ಅದೇ. ಈಗ ಕರೆಂಟ್ ತಯಾರಾಗುವುದಿಲ್ಲ. 2022ರಿಂದ ಒಳಗೆ ಮಾಲ್. ಒಂದು ಕಾಫಿಗೆ ಕೊಡುವ ದುಡ್ಡಿನಲ್ಲಿ ದಾವಣಗೆರೆಯಲ್ಲಿ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಆಗುತ್ತದೆ.

ಆ ಹೊದಿಕೆಯ ಫೋಟೋಗೆ ಅಂತ 1976ರ ಡಿಸೆಂಬರಿನಲ್ಲಿ ಆ ಚಿಮಣಿಗಳ ನಡುವೆ 40 ಅಡಿ ಉದ್ದದ ಗಾಳಿ ತುಂಬಿದ ಹಂದಿ ಕಟ್ಟಿದರು. ಕಿತ್ತುಕೊಂಡು ಹೋದರೆ ಹೊಡೆದು ಇಳಿಸಲು ಬಂದೂಕಿನವನನ್ನೂ ಮೊದಲ ದಿನ ಕರೆಸಿದ್ದರು. ಎರಡನೇ ದಿನ ಅವನನ್ನು ಕರೆಯಲು ಮರೆತರು. ಹಂದಿ ಅವತ್ತೇ ಕಿತ್ತುಕೊಂಡಿತು. ವಿಮಾನಗಳ ದಾರಿಗೆ ಅಡ್ಡ ಹಾರಿ, ಕೊನೆಗೆ ಕೆಂಟ್‌ನ ಒಂದು ಹೊಲದಲ್ಲಿ ಬಿತ್ತು. ಆ ರೈತ ದನಗಳು ಬೆದರಿದವು ಅಂತ ಸಿಟ್ಟಾದನಂತೆ.

ಹಂದಿ ಕತೆ ಎಲ್ಲರಿಗೂ ಗೊತ್ತು. ಆಲ್ಬಮ್ ಕೇಳಿದವರು ಕಡಿಮೆ. ನನ್ನ ಮತ "ಡಾಗ್ಸ್". 17 ನಿಮಿಷ. ಶುರುವಿನ ಭಾಗ ಗಿಲ್ಮೋರ್ ಹಾಡಿದ್ದು, ಕೊನೆ ಭಾಗ ವಾಟರ್ಸ್ ಹಾಡಿದ್ದು, ಗಿಟಾರ್ ಗಿಲ್ಮೋರ್ ಬಾರಿಸಿದ್ದು, ಮಾತು ವಾಟರ್ಸ್‌ದು. ಆಫೀಸು, ಟೈ, ಮುಗುಳ್ನಗೆ, ಬೆನ್ನಿಗೆ ಚೂರಿ, ಕೊನೆಗೆ ಒಂಟಿ ಮುಪ್ಪು. ಇಲ್ಲಿ ಬಂದು ಕಾರ್ಪೊರೇಟ್ ಕೆಲಸಕ್ಕೆ ಸೇರಿದ ಮೇಲೆ ಆ ಹಾಡು ನನಗೆ ಅರ್ಥ ಆಯಿತು. ಇಂಜಿನಿಯರಿಂಗ್ ಓದುವ ಹುಡುಗನಿಗೆ ಇದನ್ನು ಈಗಲೇ ಕೇಳಿಸುವುದು ಒಳ್ಳೆಯದು, ಕ್ಯಾಂಪಸ್ ಇಂಟರ್‌ವ್ಯೂಗೆ ಮುಂಚೆ.

ಕೀಬೋರ್ಡ್‌ಕಾವೇರಿ:
"ಡಾಗ್ಸ್" ಒಳ್ಳೆಯದೇ. ಆದರೆ ಆ ಆಲ್ಬಮ್ಮಿನಲ್ಲಿ ರಿಕ್ ಹೆಸರಲ್ಲಿ ಒಂದು ಹಾಡೂ ಇಲ್ಲ. ನನಗೆ ಅದು ಚಳಿ ಹಿಡಿದ ಆಲ್ಬಮ್.

ಪಡುವಣಗಾಳಿ:
ಅದೇ ಆಲ್ಬಮ್ಮಿನ "ಪಿಗ್ಸ್ ಆನ್ ದಿ ವಿಂಗ್" ಇದೆಯಲ್ಲ, ಶುರುವಿಗೆ ಒಂದು ತುಂಡು, ಕೊನೆಗೆ ಒಂದು ತುಂಡು, ಒಂದೂವರೆ ನಿಮಿಷ ಒಂದೊಂದು. ಆಗ ಕಾರುಗಳಲ್ಲಿ ಎಂಟು ಟ್ರ್ಯಾಕಿನ ಕಾರ್ಟ್ರಿಜ್ ಅಂತ ಬರುತ್ತಿತ್ತು, ಕೊನೆ ಮುಟ್ಟಿದರೆ ತಾನೇ ಮೊದಲಿನಿಂದ ಸುತ್ತುವಂಥದ್ದು. ಅದರಲ್ಲಿ ಎರಡೂ ತುಂಡು ಜೋಡಿಸಲು ಸ್ನೋವಿ ವೈಟ್ ಅನ್ನುವವರಿಂದ ಗಿಟಾರ್ ಬಾರಿಸಿದ್ದಾರೆ. ಎಲ್‌ಪಿ ತಟ್ಟೆಯಲ್ಲಿ ಅದು ಇಲ್ಲ. ಕ್ಯಾಸೆಟ್ ಮಾತು ಬಂತಲ್ಲ ಅಂತ ಹೇಳಿದೆ ಅಷ್ಟೇ.

ಗೋಡೆಹಾರುವವ:
ಸ್ನೋವಿ ವೈಟ್! ಅವರನ್ನು ನಾನು ಕಣ್ಣಾರೆ ನೋಡಿದ್ದೇನೆ. 2002ರ ಏಪ್ರಿಲ್, ಬೆಂಗಳೂರು ಅರಮನೆ ಮೈದಾನ. ರೋಜರ್ ವಾಟರ್ಸ್ ಬಂದಿದ್ದರು. ಸ್ನೋವಿ ವೈಟ್ ಅವರ ಬ್ಯಾಂಡಿನಲ್ಲಿದ್ದರು. ನಾನಾಗ ಮೊದಲ ಕೆಲಸದಲ್ಲಿದ್ದೆ, ಟಿಕೆಟಿಗೆ ಗೆಳೆಯನ ಹತ್ತಿರ ಸಾಲ ಮಾಡಿದ್ದೆ. ಸೆಕೆ. ಧೂಳು. ಶೂ ಒಳಗೆಲ್ಲ ಮಣ್ಣು. "ಇನ್ ದಿ ಫ್ಲೆಶ್"ನ ಮೊದಲ ಪೆಟ್ಟು ಬಿದ್ದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ನನ್ನ ಭುಜ ಹಿಡಿದುಕೊಂಡ. ಕೊನೆಯವರೆಗೂ ಬಿಡಲಿಲ್ಲ. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರು ಇರಬೇಕು. "ಇಪ್ಪತ್ತು ವರ್ಷ ಕಾದಿದ್ದೆ ಸಾರ್" ಅಂದರು. ಅಷ್ಟೇ ಮಾತು.

ವೇದಿಕೆ ಮೇಲೆ ಗಿಲ್ಮೋರ್ ಇರಲಿಲ್ಲ. ಆದರೂ "ಕಂಫರ್ಟಬ್ಲಿ ನಂಬ್" ಬಂದಾಗ ಇಡೀ ಮೈದಾನ ಬಾಯಿಬಿಟ್ಟು ಹಾಡಿತು. ಅದಕ್ಕೇ ಹೇಳುತ್ತಿರುವುದು, ಅದೊಂದು ಹಾಡು ಬಿಟ್ಟರೆ ಆ ಕ್ಯಾಸೆಟ್ ಕೊಟ್ಟು ಪ್ರಯೋಜನ ಇಲ್ಲ. ಆ ಹಾಡಿನ ಗುಟ್ಟು ಏನು ಗೊತ್ತಾ? ಅದು ಇಬ್ಬರ ಜಗಳದ ಹಾಡು. ಸ್ವರ ಗಿಲ್ಮೋರ್‌ದು, ಮಾತು ವಾಟರ್ಸ್‌ದು. ಸೂಜಿ ಚುಚ್ಚುವ ಡಾಕ್ಟರ್ ಭಾಗ ವಾಟರ್ಸ್ ಹಾಡುತ್ತಾರೆ. ಕೈ ಊದಿಕೊಂಡಂತೆ ತೇಲುವ ಭಾಗ ಗಿಲ್ಮೋರ್ ಹಾಡುತ್ತಾರೆ. 1977ರಲ್ಲಿ ಫಿಲಡೆಲ್ಫಿಯಾದಲ್ಲಿ ವಾಟರ್ಸ್‌ಗೆ ಹೊಟ್ಟೆನೋವು ಬಂದು, ಡಾಕ್ಟರ್ ಇಂಜೆಕ್ಷನ್ ಕೊಟ್ಟು ವೇದಿಕೆ ಹತ್ತಿಸಿದ್ದರು. ಕೈಯೇ ಏಳುತ್ತಿರಲಿಲ್ಲವಂತೆ. ಮಾತು ಹುಟ್ಟಿದ್ದು ಅಲ್ಲಿಂದ. ಮುಂದೆ ವಾದ್ಯಮೇಳ ಜಾಸ್ತಿ ಇರಬೇಕಾ, ಗಿಟಾರ್ ಒರಟಾಗಿರಬೇಕಾ ಅಂತ ಇಬ್ಬರೂ ಕಿತ್ತಾಡಿದರು. ಕೊನೆಗೆ ಎರಡೂ ಸೇರಿಸಿದರು. ಇಬ್ಬರೂ ಜೊತೆಗಿದ್ದಾಗ ಮಾತ್ರ ಆಗುವ ಹಾಡು ಅದು. ಬೇರೆ ಆದ ಮೇಲೆ ಇಬ್ಬರ ಕೈಯಲ್ಲೂ ಇನ್ನೊಂದು ಆಗಲಿಲ್ಲ.

ಹೆಡ್‌ಫೋನ್_ಹೈದ:
ಒಪ್ಪಿದೆ. ಈ ಒಂದು ಹಾಡಿಗೆ ನಾನೂ ವೋಟು ಹಾಕುತ್ತೇನೆ. ಆದರೆ ಎಲ್ಲರಿಗೂ ಗೊತ್ತಿರುವ "ಅನದರ್ ಬ್ರಿಕ್ ಇನ್ ದಿ ವಾಲ್" ಬೇಡ ಅಂತೀರಾ? ಟೀ ಶರ್ಟಿನ ಹುಡುಗರಿಗೆ ಅದೊಂದು ಗೊತ್ತಿರುತ್ತದೆ.

ಗೋಡೆಹಾರುವವ:
ಬೇಡ. ಪಬ್ಬುಗಳಲ್ಲಿ ಅದನ್ನು ಕುಣಿಯುವ ಹಾಡು ಮಾಡಿಬಿಟ್ಟಿದ್ದಾರೆ. ನನಗೆ ಬೇಜಾರು ಅದೇ. ಅದು ಶಾಲೆಯ ದಬ್ಬಾಳಿಕೆಯ ವಿರುದ್ಧದ ಹಾಡು. ಸ್ಟುಡಿಯೋ ಪಕ್ಕದ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳನ್ನು ಕರೆತಂದು ಹಾಡಿಸಿದ್ದು. 1980ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶಾಲೆಗಳ ಬಣ್ಣಭೇದದ ವಿರುದ್ಧ ಬೀದಿಗಿಳಿದ ಮಕ್ಕಳು ಇದನ್ನೇ ಹಾಡಿದರು. ಸರ್ಕಾರ ಹಾಡನ್ನೇ ನಿಷೇಧಿಸಿತು. ಅಂಥದ್ದು ಈಗ ಬಿಯರ್ ಜೊತೆ ಕಡಲೆಬೀಜ.

ಧಾರವಾಡಪೇಡಾ (ಧಾರವಾಡ):
ಎಲ್ಲರೂ ಬೈಯುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನ್ರೀ. ನನ್ನ ಅಚ್ಚುಮೆಚ್ಚಿನ ಆಲ್ಬಮ್ "ದಿ ಫೈನಲ್ ಕಟ್". 1983.

ಪಡುವಣಗಾಳಿ:
ಅಯ್ಯೋ ದೇವರೇ.

ಧಾರವಾಡಪೇಡಾ:
ಇರ್ರೀ, ಪೂರ್ತಿ ಕೇಳಿ. ಅದು ವಾಟರ್ಸ್ ಒಬ್ಬರದೇ ಆಲ್ಬಮ್, ಒಪ್ಪುತ್ತೇನೆ. ರಿಕ್ ರೈಟ್ ಇಲ್ಲವೇ ಇಲ್ಲ. ಗಿಲ್ಮೋರ್ ಒಂದೇ ಹಾಡಿನಲ್ಲಿ ದನಿ ಕೊಟ್ಟಿದ್ದಾರೆ. ನೀವು ಹೇಳುವುದೆಲ್ಲ ಖರೆ. ಆದರೆ ಅದನ್ನು ಯಾರಿಗೆ ಅರ್ಪಿಸಿದ್ದಾರೆ ನೋಡಿದ್ದೀರಾ? ವಾಟರ್ಸ್ ಅವರ ಅಪ್ಪ ಎರಿಕ್ ಫ್ಲೆಚರ್ ವಾಟರ್ಸ್ ಅವರಿಗೆ. 1944ರ ಫೆಬ್ರವರಿಯಲ್ಲಿ ಇಟಲಿಯ ಆಂಜಿಯೋ ಯುದ್ಧದಲ್ಲಿ ಸತ್ತರು. ಮಗನಿಗೆ ಆಗ ಐದು ತಿಂಗಳು. ಅಪ್ಪನ ಮುಖ ನೋಡಿದ ನೆನಪೇ ಇಲ್ಲ.

ನನ್ನ ಮುತ್ತಜ್ಜ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿಗೆ ಸೇರಿದವರು. ಅವರೂ ಅದೇ ವರ್ಷ ಇಟಲಿಯಲ್ಲೇ ಇದ್ದರು. ನಮ್ಮ ಕಡೆ ಹಳ್ಳಿಗಳಲ್ಲಿ ಇಂಥ ಮನೆ ಬೇಕಾದಷ್ಟಿವೆ. ಮುತ್ತಜ್ಜ ಮರಳಿ ಬಂದರು. ಆದರೆ ಬಂದ ಮೇಲೆ ಇಟಲಿ ಬಗ್ಗೆ ಬಾಯಿ ಬಿಡಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಒಂದು ಪದಕ, ಒಂದು ಉಣ್ಣೆ ಕಂಬಳಿ, ಅಷ್ಟೇ ಉಳಿದದ್ದು. "ದಿ ಗನ್ನರ್ಸ್ ಡ್ರೀಮ್" ಕೇಳುವಾಗ ನನಗೆ ಆ ಕಂಬಳಿ ನೆನಪಾಗುತ್ತದೆ. ಸಂಗೀತ ಹೇಗಿದೆ, ಗಿಟಾರ್ ಎಷ್ಟಿದೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ.

ಕ್ಯಾಸೆಟ್ಟಿಗೆ ಹಾಕಿ ಅಂತ ಹಟ ಇಲ್ಲ. ಮದುವೆಗೆ ಹೋಗುವ ದಾರಿಯಲ್ಲಿ ಕೇಳುವಂಥದ್ದಲ್ಲ ಅದು.

ಪಡುವಣಗಾಳಿ:
ಆ "ಅಯ್ಯೋ ದೇವರೇ" ವಾಪಸ್ ತೆಗೆದುಕೊಂಡೆ. ಇವತ್ತು ರಾತ್ರಿ ಮತ್ತೆ ಕೇಳುತ್ತೇನೆ.

ಹಳೇಡೆಕ್:
ಧಾರವಾಡದವರೇ, ನಾನು ಆ ಆಲ್ಬಮನ್ನು ಒಮ್ಮೆ ಕೇಳಿ ಮೂಲೆಗೆ ಇಟ್ಟಿದ್ದೆ. ಈಗ ಹುಡುಕಬೇಕು.

ಸರಿ, ಇಲ್ಲಿವರೆಗಿನ ಲೆಕ್ಕ. ಒಂದನೇ ಬದಿಗೆ "ಎಕೋಸ್" ಬಹುತೇಕ ಖಚಿತ. ಹೈದ, ಬೇಜಾರು ಮಾಡಿಕೊಳ್ಳಬೇಡ. ಉಳಿಯುವುದು ಆರೂವರೆ ನಿಮಿಷ. ಎರಡನೇ ಬದಿಗೆ "ಕಂಫರ್ಟಬ್ಲಿ ನಂಬ್" ಖಚಿತ. "ಡಾರ್ಕ್ ಸೈಡ್"ನಿಂದ ಏನೂ ಇಲ್ಲದಿದ್ದರೆ ಟೀ ಶರ್ಟಿನ ಚಿತ್ರಕ್ಕೇ ಅವಮಾನ. ಏನು ತೆಗೆಯಲಿ? ನನಗೆ "ಟೈಮ್" ಇಷ್ಟ.

ಕೀಬೋರ್ಡ್‌ಕಾವೇರಿ:
ಕಷ್ಟ ಇರುವುದೇ ಅಲ್ಲಿ ಸರ್. ಆ ಆಲ್ಬಮ್ಮಿನ ಹಾಡು ಕೀಳುವುದು ಮಲ್ಲಿಗೆ ದಂಡೆಯ ನಡುವಿನ ಹೂವು ಎಳೆದ ಹಾಗೆ, ಅಕ್ಕಪಕ್ಕದವೂ ಬರುತ್ತವೆ. "ಟೈಮ್" ಶುರು ಆಗುವುದು ಹಿಂದಿನ ಹಾಡಿನ ಹೊಗೆಯಿಂದ. ಮುಗಿಯುವುದು "ಬ್ರೀದ್" ಮರಳಿ ಬಂದು. "ಮನಿ" "ಅಸ್ ಅಂಡ್ ದೆಮ್"ಗೆ ಕರಗಿ ಹೋಗುತ್ತದೆ. "ಬ್ರೈನ್ ಡ್ಯಾಮೇಜ್" ತೆಗೆದರೆ "ಎಕ್ಲಿಪ್ಸ್" ಇಲ್ಲದೆ ಮುಗಿಯುವುದೇ ಇಲ್ಲ.

ಸ್ವಚ್ಛವಾಗಿ ಕೈಗೆ ಬರುವುದು ಒಂದೇ. "ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ". ಎಲ್‌ಪಿಯ ಮೊದಲ ಬದಿ ಅಲ್ಲಿಗೆ ಮುಗಿಯುತ್ತದೆ. ರಿಕ್ ಪಿಯಾನೋದಿಂದ ಶುರು. ನಾಲ್ಕೂಮುಕ್ಕಾಲು ನಿಮಿಷ. ನಡುವೆ ಯಾರೋ ಆಡುವ ಒಂದೆರಡು ಮಾತು ಬಿಟ್ಟರೆ ಹಾಡಿಗೆ ಸಾಹಿತ್ಯವೇ ಇಲ್ಲ, ಇಂಗ್ಲಿಷ್ ಹಾಡು ಅರ್ಥ ಆಗಲ್ಲ ಅನ್ನುವವರಿಗೂ ನೆಪ ಇಲ್ಲ.

ಅದನ್ನು ಹಾಡಿದವರು ಕ್ಲೇರ್ ಟಾರಿ. ಇಪ್ಪತ್ತೈದು ವರ್ಷದ ಹುಡುಗಿ ಆಗ. ಇಂಜಿನಿಯರ್ ಅಲನ್ ಪಾರ್ಸನ್ಸ್ ಅವರ ಹೆಸರು ಸೂಚಿಸಿದರು. ಭಾನುವಾರ ಬಂದರು. ಏನು ಹಾಡಬೇಕು ಅಂತ ಬ್ಯಾಂಡಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಾತು ಬೇಡ ಅಂದರು. ಆಕೆ ತಾನೇ ಒಂದು ವಾದ್ಯ ಅಂದುಕೊಂಡು ಹಾಡಿದರು. ಕೈಗೆ ಬಂದದ್ದು 30 ಪೌಂಡ್. ಆಲ್ಬಮ್ ಅಂಗಡಿಗೆ ಬಂದ ಮೇಲೆ ಕೊಂಡು ನೋಡಿದಾಗಲೇ ತನ್ನ ಹಾಡು ಉಳಿದಿದೆ ಅಂತ ಆಕೆಗೆ ಗೊತ್ತಾದದ್ದು. 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿ ಆಯಿತು. ಈಗ ಹಾಡಿನ ರಚನೆಯಲ್ಲಿ ರೈಟ್ ಜೊತೆ ಅವರ ಹೆಸರೂ ಇದೆ. ಆಲಾಪ ಮಾಡುವವರೂ ರಚಿಸುತ್ತಿದ್ದಾರೆ ಅನ್ನುವುದು ನಮ್ಮ ಸಂಗೀತ ಕಲಿತವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಯವರಿಗೆ ಮೂವತ್ತು ವರ್ಷ ಬೇಕಾಯಿತು.

ಸಿಡ್_ಸೈಕಲ್:
ಕಾವೇರಿಯವರು ಚೆನ್ನಾಗಿ ಹೇಳಿದರು. ನನ್ನದೊಂದು ಕೊನೇ ಅರ್ಜಿ. "ಬೈಕ್" ಬೇಡ, "ಎಮಿಲಿ" ಬೇಡ. ಎಲ್ಲ ಬಿಟ್ಟುಕೊಟ್ಟೆ. ಎರಡನೇ ಬದಿಯ ಮೊದಲು "ಜಗ್‌ಬ್ಯಾಂಡ್ ಬ್ಲೂಸ್" ಹಾಕಿ. ಮೂರೇ ನಿಮಿಷ. ಆಮೇಲೆ "ಶೈನ್ ಆನ್ ಯೂ ಕ್ರೇಜಿ ಡೈಮಂಡ್" ಒಂದರಿಂದ ಐದನೇ ಭಾಗ ಹಾಕಿ. ಹದಿಮೂರೂವರೆ ನಿಮಿಷ. ಬೇರೆ ಏನೂ ನಡುವೆ ಬೇಡ.

"ಜಗ್‌ಬ್ಯಾಂಡ್ ಬ್ಲೂಸ್" 1968ರ ಎರಡನೇ ಆಲ್ಬಮ್ಮಿನ ಕೊನೇ ಹಾಡು. ಪಿಂಕ್ ಫ್ಲಾಯ್ಡ್ ಆಲ್ಬಮ್ಮಿನಲ್ಲಿ ಸಿಡ್ ಬರೆದದ್ದು ಅದೇ ಕೊನೆ. ಅದೇ ವರ್ಷ ಬ್ಯಾಂಡಿನಿಂದ ಹೊರಬಿದ್ದ. ತಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಧಾಟಿಯಲ್ಲಿ ಹಾಡುತ್ತಾನೆ. ಸಾಲ್ವೇಶನ್ ಆರ್ಮಿಯ ಬ್ಯಾಂಡಿನವರನ್ನು ಕರೆಸಿ ಮನಸ್ಸಿಗೆ ಬಂದದ್ದು ಊದಿ ಅಂದನಂತೆ. ಅದು ಗಲಾಟೆಯಾಗಿ ಎದ್ದು, ಇದ್ದಕ್ಕಿದ್ದಂತೆ ನಿಂತು, ಕೊನೆಗೆ ಅವನ ದನಿ ಮತ್ತು ಗಿಟಾರ್ ಮಾತ್ರ ಉಳಿಯುತ್ತದೆ. ಕನಸು ಅಂದರೆ ಏನು, ತಮಾಷೆ ಅಂದರೆ ಏನು ಅಂತ ಪ್ರಶ್ನೆ ಕೇಳಿ ಮುಗಿಸುತ್ತಾನೆ.

ಆ ಪ್ರಶ್ನೆಗೆ ಉತ್ತರ ಬರಲು ಏಳು ವರ್ಷ ಹಿಡಿಯಿತು. 1975ರ ಜೂನಿನಲ್ಲಿ ಉಳಿದ ನಾಲ್ವರು ಅಬೇ ರೋಡಿನಲ್ಲಿ "ಶೈನ್ ಆನ್" ಕೆಲಸದಲ್ಲಿದ್ದರು. ಅವನ ಮೇಲೆಯೇ ಬರೆದ ಹಾಡು. ಅವತ್ತೇ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ. ತಲೆ ಬೋಳು. ಹುಬ್ಬೂ ಬೋಳಿಸಿದ್ದ. ಯಾರಿಗೂ ಗುರುತು ಸಿಗಲಿಲ್ಲ. ಅವನೇ ಸಿಡ್ ಅಂತ ಗೊತ್ತಾದ ಮೇಲೆ ಅತ್ತರು. ನಾನು ಇದನ್ನು ನೂರು ಸಲ ಓದಿದ್ದೇನೆ, ಈಗ ಟೈಪ್ ಮಾಡುವಾಗಲೂ ಗಂಟಲು ಕಟ್ಟುತ್ತದೆ.

ಬ್ಯಾಟರ್ಸಿ_ಬಸ್ಸು:
ಗುರು, ಇದಕ್ಕೆ ನನ್ನ "ಡಾಗ್ಸ್" ಬಿಟ್ಟುಕೊಡುತ್ತೇನೆ. ಕಷ್ಟಪಟ್ಟು.

ಕೀಬೋರ್ಡ್‌ಕಾವೇರಿ:
"ಶೈನ್ ಆನ್" ಶುರುವಿನಲ್ಲಿ ತೆಳ್ಳಗೆ ಗುಂಯ್ ಅನ್ನುವುದು ಇದೆಯಲ್ಲ, ಅದರಲ್ಲಿ ವೈನ್ ಲೋಟದ ಅಂಚು ಸವರಿದ ಸದ್ದೂ ಸೇರಿದೆ. "ಡಾರ್ಕ್ ಸೈಡ್" ಗೆದ್ದ ಮೇಲೆ ಮುಂದೇನು ತೋಚದೆ, ಮನೆಸಾಮಾನಿನಲ್ಲೇ ಒಂದು ಆಲ್ಬಮ್ ಮಾಡೋಣ ಅಂತ ಹೊರಟಿದ್ದರು. ರಬ್ಬರ್ ಬ್ಯಾಂಡು, ಬಾಟಲಿ, ಪೊರಕೆ. ವಾರಗಟ್ಟಲೆ ಪೊರಕೆ ಗುಡಿಸಿ ಕೈಬಿಟ್ಟರು. ಲೋಟದ ಸದ್ದು ಮಾತ್ರ ಉಳಿಯಿತು.

ಹೆಡ್‌ಫೋನ್_ಹೈದ:
"ವಿಶ್ ಯೂ ವರ್ ಹಿಯರ್" ಹಾಡು?? ಯಾರೂ ಹೇಳಲೇ ಇಲ್ಲ!

ಪಡುವಣಗಾಳಿ:
ಅದು ಒಳ್ಳೆಯ ಹಾಡೇ ಮಾರಾಯ. ಆದರೆ ನಮ್ಮ ಹಾಸ್ಟೆಲಲ್ಲಿ ಗಿಟಾರ್ ಕೊಂಡ ಪ್ರತಿಯೊಬ್ಬನೂ ಅದನ್ನೇ ಮೊದಲು ಕಲಿತದ್ದು. ಮೂರು ವರ್ಷ ರಾತ್ರಿ ಹನ್ನೊಂದು ಗಂಟೆಗೆ ಪಕ್ಕದ ರೂಮಿನಿಂದ ಅದರ ಮೊದಲ ನಾಲ್ಕು ಸ್ವರ ಕೇಳಿದ್ದೇನೆ. ಐದನೆಯದು ಅವನಿಗೆ ಬರುತ್ತಲೇ ಇರಲಿಲ್ಲ.

ಧಾರವಾಡಪೇಡಾ:
ಒಂದನೇ ಬದಿಯ ಆರೂವರೆ ನಿಮಿಷಕ್ಕೆ "ಫಿಯರ್‌ಲೆಸ್" ಹಾಕ್ರೀ. ಅದೂ "ಮೆಡಲ್"ನದೇ. 6 ನಿಮಿಷ 8 ಸೆಕೆಂಡ್. ಬೆಟ್ಟ ಹತ್ತುವ ಹಾಡು. ಕೊನೆಗೆ ಲಿವರ್‌ಪೂಲ್ ಫುಟ್‌ಬಾಲ್ ಮೈದಾನದ ಜನ ಒಟ್ಟಿಗೆ ಹಾಡುವುದು ಬರುತ್ತದೆ. ಅದು ಆಗಿ "ಎಕೋಸ್" ಬಂದರೆ ಒಟ್ಟು 29 ನಿಮಿಷ 39 ಸೆಕೆಂಡ್. ಲೆಕ್ಕ ಮಾಡಿಯೇ ಹೇಳುತ್ತಿದ್ದೇನೆ.

ಹಳೇಡೆಕ್:
ಇದಪ್ಪಾ ಲೆಕ್ಕ! ಆದರೆ "ಎಕೋಸ್" ಮೊದಲು ಹಾಕುತ್ತೇನೆ. ಊರು ಬಿಡುವಾಗಲೇ ಆ ಪಿಂಗ್ ಕೇಳಬೇಕು.

ಎರಡನೇ ಬದಿ: "ಜಗ್‌ಬ್ಯಾಂಡ್ ಬ್ಲೂಸ್", "ಶೈನ್ ಆನ್", "ಗ್ರೇಟ್ ಗಿಗ್", "ಕಂಫರ್ಟಬ್ಲಿ ನಂಬ್". ಇಪ್ಪತ್ತೇಳೂವರೆ ನಿಮಿಷದ ಹತ್ತಿರ. ಉಳಿದದ್ದಕ್ಕೆ "ಪಿಗ್ಸ್ ಆನ್ ದಿ ವಿಂಗ್" ಒಂದು ತುಂಡು. ಬ್ಯಾಟರ್ಸಿಯವರಿಗೆ ಸಮಾಧಾನ ಬಹುಮಾನ. ಇವತ್ತು ರಾತ್ರಿ ರೆಕಾರ್ಡಿಂಗ್. ಮನೆಯವರಿಗೆ ಮಿಕ್ಸಿ ಹಾಕಬೇಡಿ ಅಂತ ಹೇಳಿದ್ದೇನೆ. ವೋಲ್ಟೇಜ್ ಇಳಿದರೆ ಡೆಕ್ ಕುಂಟುತ್ತದೆ.

ಸಿಡ್_ಸೈಕಲ್:
ರೆಕಾರ್ಡ್ ಆದ ಮೇಲೆ ಮೇಲಿನ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಲು ಮರೆಯಬೇಡಿ. ಹಿಂದೆ ನನ್ನ "ಪೈಪರ್" ಮೇಲೆ ಮನೆಯವರು ಅಷ್ಟಮಿಯ ಭಜನೆ ತುಂಬಿಸಿದ್ದರು.

ಹೆಡ್‌ಫೋನ್_ಹೈದ:
ಭಾನುವಾರ ಆಯಿತು. ಸೋಮವಾರವೂ ಆಯಿತು. ಅಣ್ಣಾ, ಎಲ್ಲಿದ್ದೀರಿ?

ಹಳೇಡೆಕ್:
ಬಂದೆ ಬಂದೆ. ಮದುವೆ ಊಟದ ಸುಸ್ತು.

ಊರು ದಾಟಿದ ಕೂಡಲೇ ಕ್ಯಾಸೆಟ್ ಹಾಕಿದೆ. ಪಿಂಗ್ ಅಂತು. ಇನ್ನೊಂದು ಪಿಂಗ್. ಅಳಿಯ ಡ್ಯಾಶ್‌ಬೋರ್ಡ್ ಕಡೆ ಬಗ್ಗಿ ನೋಡಿದ. "ಮಾಮ, ಇಂಡಿಕೇಟರ್ ಏನಾದರೂ ಕೆಟ್ಟಿದೆಯಾ?" ಅಂದ. ನಾನು ಮಾತಾಡಲಿಲ್ಲ. ಹಾಡು ಶುರು ಆದ ಮೇಲೆ ಸುಮ್ಮನಾದ. ತಿಮಿಂಗಿಲ ಬರುವ ಹೊತ್ತಿಗೆ ಹೈದ ಹೇಳಿದ ಹಾಗೇ ಆಯಿತು. ಬಾಯಿ ತೆರೆದು ನಿದ್ದೆ.

ಕುಂಸಿ ಹತ್ತಿರ ಟೀ ಕುಡಿದು ಕ್ಯಾಸೆಟ್ ತಿರುಗಿಸಿದೆ. ಸಿಡ್ ಬಂದ, ಹೋದ. "ಶೈನ್ ಆನ್" ಮುಗಿಯುವವರೆಗೂ ಅಳಿಯ ಫೋನ್ ನೋಡುತ್ತಿದ್ದ. "ಗ್ರೇಟ್ ಗಿಗ್" ಬಂತು. ಕ್ಲೇರ್ ಟಾರಿ ದನಿ ಎತ್ತಿದಾಗ ಫೋನ್ ಕೆಳಗಿಟ್ಟ. "ಯಾರು ಮಾಮ ಇವರು? ಏನಾಯಿತು ಇವರಿಗೆ?" ಅಂದ. ಮುಗಿದ ಮೇಲೆ "ಇನ್ನೊಂದು ಸಲ" ಅಂದ. ಹಿಂದಕ್ಕೆ ಸುತ್ತಿದೆ. ಆಮೇಲೆ ಅವನೇ ಬಟನ್ ಒತ್ತಲು ಕಲಿತ. ಆನಂದಪುರ ಬರುವಷ್ಟರಲ್ಲಿ ನಾಲ್ಕು ಸಲ ಆಯಿತು. 30 ಪೌಂಡಿನ ಕತೆ ಹೇಳಿದೆ. "ಕೋರ್ಟಿಗೆ ಹೋದದ್ದು ಸರಿ" ಅಂದ.

ಕೀಬೋರ್ಡ್‌ಕಾವೇರಿ:
ಗೆದ್ದೆ!!!

ಗೋಡೆಹಾರುವವ:
ನಾಲ್ಕನೇ ಸಲ ಆದ ಮೇಲೆ ಮುಂದಿನ ಹಾಡು ಬಂದಿರಬೇಕಲ್ಲ? ಏನಂದ?

ಹಳೇಡೆಕ್:
ಅದು ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೆ. ಅಷ್ಟು ಸಲ ಹಿಂದೆ ಮುಂದೆ ಸುತ್ತಿದ್ದಕ್ಕೆ ಪ್ಲೇಯರಿಗೆ ಸಿಟ್ಟು ಬಂತು ಅಂತ ಕಾಣುತ್ತದೆ. "ಕಂಫರ್ಟಬ್ಲಿ ನಂಬ್" ನಡುವೆ ದನಿ ಎಮ್ಮೆ ಕೂಗಿದಂತೆ ಆಯಿತು. ನೋಡಿದರೆ ರೀಲು ಒಳಗೆ ನುಂಗಿಕೊಂಡಿದೆ. ರಸ್ತೆ ಬದಿ ನಿಲ್ಲಿಸಿ, ಮದುವೆ ಬಟ್ಟೆಯಲ್ಲೇ ಕೂತು, ಮೆಲ್ಲಗೆ ಬಿಡಿಸಿದೆವು. ಪೆನ್ಸಿಲ್ ತೂರಿಸಿ ಸುತ್ತುವುದು ಅಳಿಯನಿಗೆ ಹೇಳಿಕೊಟ್ಟೆ. ಅವನಿಗೆ ಇಡೀ ದಿನದಲ್ಲಿ ಜಾಸ್ತಿ ಮಜಾ ಬಂದದ್ದು ಅದೇ. ಬೇರೆಲ್ಲ ಚೆನ್ನಾಗಿದೆ. ಒಂದು ಗೇಣು ರೀಲು ಮಾತ್ರ ಸುಕ್ಕಾಗಿದೆ. ಗಿಟಾರ್ ಸೋಲೋ ಇರುವ ಜಾಗ.

ಗೋಡೆಹಾರುವವ:
ಯಾವ ಸೋಲೋ? ಮೊದಲನೆಯದಾ, ಎರಡನೆಯದಾ?

ಹಳೇಡೆಕ್:
ಎರಡನೆಯದು.